ಐದನೆಯ ರೀಲು

ಸಿನಿಮಾ ಇದ್ದದ್ದು ಮಧ್ಯಾಹ್ನ ಎರಡಕ್ಕೆ. ಅಕ್ಕ ಮಾಲ್ಸುನ್ ಬೆಳಿಗ್ಗೆ ಎಂಟಕ್ಕೇ ಮದುವೆಮನೆಗೆ ಉಡುವ ಹನ್‌ಬೋಕ್ ಉಟ್ಟು, ತಲೆ ಬಾಚಿ ಕೂತಿದ್ದಳು.

"ಯಾರ ಮದುವೆ ಅಕ್ಕಾ?" ಎಂದು ಛೇಡಿಸಿದೆ.

"ಬಾಯ್ಮುಚ್ಚೋ ದಾಲ್ಸು. ನಲವತ್ತು ವರ್ಷ ಆದ್ಮೇಲೆ ಮಗಳ ಮುಖ ನೋಡ್ತೀನಿ, ಹರಕು ಬಟ್ಟೇಲಿ ಹೋಗ್ಲಾ?"

ಬಾಯಿ ಮುಚ್ಚಿದೆ. ಅದೊಂದು ನನಗೆ ಚೆನ್ನಾಗಿ ಬರುತ್ತದೆ.

ಯುದ್ಧ ಮುಗಿದ ಕೆಲವು ವರ್ಷಕ್ಕೆ ರಾಜಧಾನಿ ಸೋಲ್‌ನಿಂದ ಸಿನಿಮಾದವರು ನಮ್ಮ ಗುನ್‌ಸಾನ್ ಬಂದರಿಗೆ ಬಂದಿದ್ದರು. ಹಡಗು ಹತ್ತಿದ ಅಪ್ಪನಿಗೆ ಕೈಬೀಸಿ ಅಳುವ ಹುಡುಗಿ ಬೇಕಿತ್ತು. ಅಕ್ಕನ ಏಳು ವರ್ಷದ ಬುನಿಯನ್ನು ಆರಿಸಿದರು. ಅಳು ಅಂದರೆ ಆ ಪೋಕರಿ ನಕ್ಕಳು. ಅದೇ ಚೆನ್ನಾಗಿದೆ ಎಂದು ಉಳಿಸಿಕೊಂಡರು. ಚಿತ್ರ ನಮ್ಮೂರಿಗೆ ಬರುವ ಮೊದಲೇ ದಡಾರ ಮಗುವನ್ನು ಒಯ್ದಿತು. ಅಕ್ಕ ಹೊಸಿಲು ದಾಟಲಿಲ್ಲ, ಚಿತ್ರ ನೋಡಲಿಲ್ಲ; ಅವಳನ್ನು ಬಿಟ್ಟು ನಾನೂ ಹೋಗಲಿಲ್ಲ. ಬುನಿಯದು ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ನೋಡಬೇಕು ಅನ್ನಿಸುವ ಹೊತ್ತಿಗೆ ಚಿತ್ರವೇ ದೇಶದಲ್ಲೆಲ್ಲೂ ಇಲ್ಲ ಅಂದರು. ಈಗ ನಮ್ಮೂರಿನ ಹಳೆಯ ಚಿತ್ರಮಂದಿರ ಕೆಡವುವಾಗ ಅಟ್ಟದಲ್ಲಿ ಒಂದು ಪ್ರತಿ ಸಿಕ್ಕಿತ್ತು.

ಸಭಾಭವನದ ತುಂಬ ಮುದುಕರು, ಅವರು ಅಗಿಯುವ ಒಣ ಸ್ಕ್ವಿಡ್ ಮೀನಿನ ವಾಸನೆ. ಪರದೆಯ ಮೇಲೆ ಹಡಗುಕಟ್ಟೆ ಬಂದಾಗ ಎಲ್ಲರೂ ಹೋ ಎಂದರು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅಪ್ಪನ ಪಾತ್ರದವನು ಹಡಗು ಹತ್ತಿ ತಿರುಗಿ ನೋಡಿದ. ಮರುಕ್ಷಣ ಅವನು ಸೋಲ್‌ನ ಬೀದಿಯಲ್ಲಿ, ಹಿಮದಲ್ಲಿ ನಡೆಯುತ್ತಿದ್ದ.

"ಮುಂದೆ ಬರ್ತಾಳೆ," ಎಂದಳು ಅಕ್ಕ. ಮುಗಿಯುವವರೆಗೂ ಹಾಗೇ ಅನ್ನುತ್ತಿದ್ದಳು.

ದೀಪ ಹತ್ತಿದ ಮೇಲೆ ಸೋಲ್‌ನಿಂದ ಬಂದ ಹುಡುಗಿ ಮೈಕು ಹಿಡಿದಳು. "ಕ್ಷಮಿಸಿ, ಐದನೇ ರೀಲು ಸಿಕ್ಕಿಲ್ಲ. ಆಗೆಲ್ಲ ಹಳೇ ರೀಲನ್ನ ಕತ್ತರಿಸಿ ಹುಲ್ಲು ಟೋಪಿಗೆ ಪಟ್ಟಿ ಸುತ್ತುತ್ತಿದ್ರಂತೆ."

ಮುದುಕರೆಲ್ಲ ಗೊಳ್ಳೆಂದು ನಕ್ಕರು. "ನಾನೂ ಹಾಕ್ಕೊಂಡಿದ್ದೆ ಕಣಮ್ಮಾ! ನನ್ ತಲೆ ಮೇಲೆ ಯಾವ ಸುಂದರಿ ಕೂತಿದ್ಳೋ!" ಎಂದು ಹಿಂದಿನಿಂದ ಒಬ್ಬ ಕೂಗಿದ.

ಅಕ್ಕ ನಗಲಿಲ್ಲ. ನನ್ನ ಕಡೆ ತಿರುಗಿದಳು. "ನೀನು ಟೋಪಿ ಕಾರ್ಖಾನೇಲಿದ್ದೆ."

ಇನ್ನು ಮುಚ್ಚಿಡುವುದು ನನ್ನ ಕೈಲಾಗಲಿಲ್ಲ.

"ಕಾರ್ಖಾನೆಗೆ ಬಂದ ಒಂದು ರೀಲನ್ನ ಬೆಳಕಿಗೆ ಹಿಡಿದಾಗ ಹಡಗುಕಟ್ಟೆ ಕಾಣ್ತು ಅಕ್ಕಾ. ಬುನೀನೂ ಇದ್ಳು. ಹಿಂದೆ ಮೇಸ್ತ್ರಿ ಬೈತಾ ನಿಂತಿದ್ದ. ಸೋಲ್‌ನಲ್ಲಿ ಬೇರೆ ಪ್ರತಿ ಇದ್ದೇ ಇರುತ್ತೆ ಅಂದ್ಕೊಂಡು ಕತ್ತರಿಸ್ದೆ. ಅವಳಿದ್ದ ತುಂಡನ್ನ ಒಂದು ಟೋಪಿಗೆ ಸುತ್ತಿ ನಿಂಗೇ ತಂದ್ಕೊಟ್ಟೆ. ಹೇಳಕ್ಕೆ ಬಾಯಿ ಬರ್ಲಿಲ್ಲ. ಆಗಷ್ಟೇ ನೀನು ಅಳೋದು ನಿಲ್ಸಿದ್ದೆ."

ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿತ್ತು. ಅಕ್ಕ ಹನ್‌ಬೋಕಿನ ಲಾಡಿಯನ್ನು, ನನ್ನ ಮಣಿಕಟ್ಟು ಬಿಡದೆ, ಇನ್ನೊಂದು ಕೈಯಲ್ಲಿ ಸರಿಮಾಡಿಕೊಂಡಳು, ಅಷ್ಟೆ.

"ನಾಲ್ಕು ಬೇಸಿಗೆ ಹಾಕ್ಕೊಂಡೆ," ಎಂದಳು. "ಗದ್ದೇಲಿ ಬಗ್ಗಿದ್ರೆ ಆ ಪಟ್ಟಿ ಕಿವಿ ಮೇಲೆ ಚುಚ್ಚೋದು. ಹಾಳಾಗ್ಹೋಗ ಅಂತ ಎಷ್ಟು ಸಲ ಬೈದಿದೀನಿ ಅದನ್ನ."

"ಟೋಪಿ ಎಲ್ಲಿದೆ ಅಕ್ಕಾ?"

"ಹರಿದ್ಮೇಲೆ ಬೆದರುಬೊಂಬೆಗೆ ಹಾಕ್ದೆ. ಆ ವರ್ಷದ ಮಳೇಲೇ ಕೊಳೆತುಹೋಯ್ತು."

ಜನ ಕುರ್ಚಿ ಮಡಚುತ್ತಿದ್ದರು. ಅಕ್ಕ ಏಳಲಿಲ್ಲ. "ಲೋ, ನಮ್ಮನೇಲಿ ಅದನ್ನ ನೋಡಿರೋನು ನೀನೊಬ್ನೇ. ಹೇಗೆ ನಕ್ಕಿದ್ಳು ಹೇಳು," ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ, ಬೇಡುತ್ತಿದ್ದಳು.

ನಾನು ನೋಡಿದ್ದು ಉಗುರಿನಷ್ಟು ಚಿತ್ರ. ಬುನಿಯ ಗುರುತು ಹತ್ತಿದ್ದು ಅವಳ ಚುಕ್ಕಿ ಲಂಗದಿಂದ. ಮುಖ ಕಂಡೇ ಇರಲಿಲ್ಲ. ಆದರೆ ಆ ಕಣ್ಣುಗಳ ಮುಂದೆ ಕಂಡಿಲ್ಲ ಅನ್ನುವುದು ಹೇಗೆ?

"ಬಾಯ್ತುಂಬ ನಕ್ಕಿದ್ಳು ಅಕ್ಕಾ. ಮುಂದಿನ ಎರಡು ಹಲ್ಲು ಫಳಫಳ ಅಂತಿತ್ತು."

ಅಕ್ಕ ನನ್ನ ಮಣಿಕಟ್ಟು ಬಿಟ್ಟಳು.

"ಅವತ್ತು ಅವಳಿಗೆ ಮುಂದಿನ ಹಲ್ಲು ಬಿದ್ದಿತ್ತು ಕಣೋ," ಎಂದಳು.