ಅರ್ಧದ ಅರ್ಧ

ಒದ್ದೆ ಬಟ್ಟೆಯಿಂದ ಎಷ್ಟು ಉಜ್ಜಿದರೂ ತಣ್ಣಗಾದ ಅಪ್ಪನ ಕೈಯ ಉಗುರಿನ ಸಂದಿಯ ಸಿಮೆಂಟು ಹೋಗಲಿಲ್ಲ.

“ಬಿಡೇ, ನಲವತ್ತು ವರ್ಷದ್ದು ಇವತ್ತು ಹೋಗುತ್ತಾ?” ಎಂದಳು ಸೋದರತ್ತೆ. ಆಮೇಲೆ ಕಿಟಕಿಯತ್ತ ಕಣ್ಣು ಹಾಯಿಸಿ, “ಗೇಟಿನ ಹತ್ರ ಯಾರು ನೋಡು. ಆಗಿನಿಂದ ಅಲ್ಲೇ ನಿಂತಿದ್ದಾನೆ” ಎಂದಳು.

ಮಗಳು ನೋಡಿದಳು. ಅಪ್ಪನ ಜೊತೆ ಇಪ್ಪತ್ತೈದು ವರ್ಷ ಮನೆಮನೆಗೆ ಟೈಲ್ಸ್ ಕೂರಿಸಿದವನು. ಬೀದಿಯವರು ಇಬ್ಬರನ್ನೂ ಜೋಡೆತ್ತು ಅನ್ನುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಮಾತು ಬಿಟ್ಟಿದ್ದರು. ಯಾಕೆಂದು ಕೇಳಿದರೆ ಅಪ್ಪ ತುಟಿ ಬಿಚ್ಚಿರಲಿಲ್ಲ.

*

ಅದೇ ವರ್ಷ ಅವಳು ತತ್ವಶಾಸ್ತ್ರ ಓದಲು ಕಾಲೇಜು ಸೇರಿದ್ದಳು. ಒಂದು ಸಂಜೆ ಅಪ್ಪನೆದುರು ಹೊಸ ಪಾಠ ಒಪ್ಪಿಸಿದಳು: “ಗೋಡೆ ಮುಟ್ಟೋಕೆ ಮೊದಲು ಅರ್ಧ ದಾರಿ ಹೋಗ್ಬೇಕು. ಆಮೇಲೆ ಉಳಿದಿದ್ರಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ. ಈ ಅರ್ಧಗಳಿಗೆ ಕೊನೇನೇ ಇಲ್ಲ. ಹಾಗಾದ್ರೆ ಗೋಡೆ ಮುಟ್ಟೋದು ಹೇಗಪ್ಪಾ?”

ಅಪ್ಪ ಎದ್ದು ಅಂಗಳಕ್ಕೆ ಹೋಗಿ ಒಂದು ಟೈಲನ್ನು ಅರ್ಧ ಕೊಯ್ದ. ಅರ್ಧವನ್ನು ಮತ್ತೆ ಅರ್ಧ. ಏಳನೆಯ ಸಲಕ್ಕೆ ಚೂರು ಬ್ಲೇಡಿಗೆ ಸಿಗದೆ ಪುಡಿಯಾಯಿತು. “ಇಷ್ಟೇ” ಎಂದವನು ಕೈ ತೊಳೆದು ಊಟಕ್ಕೆ ಕೂತ.

ತನ್ನ ಓದು ಅಪ್ಪನಿಗೆ ತಮಾಷೆ ಎಂದುಕೊಂಡಳು. ಅದೇ ಓದು ಮುಂದೆ ಅವಳನ್ನು ಅಧ್ಯಾಪಕಿ ಮಾಡಿತು. ಮನೆಯಲ್ಲಿ ಮಾತ್ರ ಮತ್ತೆಂದೂ ಅದರ ಸುದ್ದಿ ಎತ್ತಲಿಲ್ಲ.

*

“ಒಳಗೆ ಬನ್ನಿ ಮಾಮ.”

“ಯಾವ ಮುಖ ಇಟ್ಕೊಂಡು ಬರಲಮ್ಮಾ?” ಅವನು ಗೇಟಿನ ಸರಳು ಬಿಡಲಿಲ್ಲ. “ನಿಮ್ಮಪ್ಪ ನಿನಗೇನೂ ಹೇಳಿಲ್ವಾ?”

“ಏನನ್ನ?”

“ಆ ಗೋಡೆ ವಿಚಾರ. ಅವತ್ತು ಕೆಲಸದ ಮನೇಲಿ ಊಟಕ್ಕೂ ಏಳದೆ ನೆಲದ ತುಂಬಾ ಸೀಮೆಸುಣ್ಣದಲ್ಲಿ ಅರ್ಧ, ಅರ್ಧದ ಅರ್ಧ ಅಂತ ಗೀಟು ಎಳೀತಾ ಕೂತಿದ್ದ. ‘ನನ್ನ ಮಗಳು ಕೇಳಿದ ಪ್ರಶ್ನೆ ಕಣೋ, ಮೂರು ದಿನದಿಂದ ನಿದ್ದೆ ಇಲ್ಲ’ ಅಂದ. ‘ಗೋಡೆ ಮುಟ್ಟೋಕೂ ಬರದ ಓದು ಅವಳಿಗ್ಯಾಕೆ, ಬಿಡಿಸಿಬಿಡು’ ಅಂತ ನಕ್ಕೆ. ಸಿಮೆಂಟಿನ ಕರಣೆ ಅಲ್ಲೇ ಬಿಟ್ಟು ಎದ್ದುಹೋದ. ಅಷ್ಟೇ, ಮುಗೀತು.”

“ಉತ್ತರ ಸಿಕ್ತಾ ಅಪ್ಪನಿಗೆ?”

“ನನಗೇನು ಗೊತ್ತಮ್ಮಾ. ಮಾತಾಡಿಸಿದ್ರೆ ತಾನೇ ಗೊತ್ತಾಗೋದು.”

ಅವಳು ಗೇಟು ತೆಗೆದು ಅವನ ತೋಳು ಹಿಡಿದು ಕರೆತಂದಳು.

ಹೊರಡುವಾಗ ಶವಪೆಟ್ಟಿಗೆಯ ಮುಂದಿನ ಎರಡು ಮೂಲೆಗೆ ಅವರಿಬ್ಬರೇ ಹೆಗಲು ಕೊಟ್ಟರು. ಅವನು ಅವಳಿಗಿಂತ ಗೇಣುದ್ದ ಎತ್ತರ. ಪೆಟ್ಟಿಗೆ ಅವಳ ಕಡೆ ವಾಲಿತು. ಅವನು ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡಿ, ಮೊಣಕಾಲು ಬಗ್ಗಿಸಿದ. ಇನ್ನಷ್ಟು ಬಗ್ಗಿಸಿದ. ಪೆಟ್ಟಿಗೆ ಮಟ್ಟಕ್ಕೆ ಬಂತು. ಬೀದಿಯ ಕೊನೆಯವರೆಗೂ ಅವನು ಹಾಗೆಯೇ ಅರೆಬಾಗಿ ನಡೆದ.