ಮುಂದೆ ಹನ್ನೊಂದು, ಹಿಂದೆ ಏಳು

ಕರಿಬಸಪ್ಪನ ತಲೆ ಮೂರನೆಯ ಸಲ ಎಡಕ್ಕೆ ವಾಲಿತು. ಮೀನಾಕ್ಷಿ ತಂದೆಯ ಗದ್ದದ ಕೆಳಗೆ ಬಿಳಿ ಪಟ್ಟಿ ಕೊಟ್ಟು, ನೆತ್ತಿಯ ಮೇಲೆ ಗಂಟು ಹಾಕಿ, ಅದರ ತುದಿಯನ್ನು ಗೋಡೆಯ ಮೊಳೆಗೆ ಬಿಗಿದಳು. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಕೂಡಿಸಿ ಪೂಜೆ ಮಾಡಿ, ಕೂಡಿಸಿಯೇ ಹೊತ್ತು, ಕೂಡಿಸಿಯೇ ಹೂಳುತ್ತಾರೆ.

"ಇನ್ನೊಂದೀಟು ಬಿಗಿ ತಂಗಿ," ಎಂದರು ಹಿಂದಿನಿಂದ ಚಿದಾನಂದಪ್ಪ. "ಕಾರಿನಾಗ ನಾವು ಐದು ಕಡೆ ಬೆಲ್ಟ್ ಹಾಕ್ಕೋತೀವಿ ನೋಡು, ಅದ್ಕ ತಲಿ ವಾಲಂಗಿಲ್ಲ."

ಚಿದಾನಂದಪ್ಪ ಸಿರುಗುಪ್ಪದಲ್ಲಿ ಎರಡು ಅಕ್ಕಿ ಗಿರಣಿಗಳ ಒಡೆಯರು, ಫಾರ್ಮುಲಾ ಕ್ಲಬ್ಬಿನ ಅಧ್ಯಕ್ಷರು. ಅವರು ತಂದ ಹಾರ ಕರಿಬಸಪ್ಪನ ಕೊರಳಿಗೆ ಹಾಕಿದರೂ ಅರ್ಧ ನೆಲದ ಮೇಲೇ ಉಳಿದಿತ್ತು.

ಬಳ್ಳಾರಿಯಲ್ಲಿ ಅಂಥದೊಂದು ಕ್ಲಬ್ ಇದೆಯೆಂದರೆ ಬಳ್ಳಾರಿಯವರೇ ನಂಬುವುದಿಲ್ಲ. ಆರು ಜನ, ಆರು ಕಾರು. ಒಬ್ಬರೇ ಕೂಡುವಂಥವು, ನಾಲ್ಕು ಗಾಲಿಯೂ ಮೈಯಿಂದ ಹೊರಗೆ, ಬೆನ್ನ ಹಿಂದೆ ಹಳೆಯ ಮಾರುತಿ ಎಂಜಿನ್. ಕುರುಗೋಡಿನ ಆಚೆ, ಕೆಲಸ ನಿಂತ ಕಲ್ಲುಕ್ವಾರಿಯ ಸುತ್ತ ಹಾಕಿಸಿದ ಡಾಂಬರಿನ ಮೇಲೆ ತಿಂಗಳಿಗೊಂದು ಭಾನುವಾರ ಓಡಿಸುತ್ತಾರೆ. ಗೆದ್ದವರಿಗೆ ಒಂದು ಸ್ಟೀಲ್ ಕಪ್ಪು, ಸೋತವರಿಗೆ ಒಂದು ತಿಂಗಳ ಮಾತು.

ಆರರಲ್ಲಿ ಕೈಗೆ ಎಣ್ಣೆ ಹತ್ತಿಸಿಕೊಂಡು ಬದುಕಿದವನು ಕರಿಬಸಪ್ಪ ಒಬ್ಬನೇ. ಗುಂಡಿಗೆ ಬಿದ್ದ ಗಾಡಿ ಕುಪ್ಪಳಿಸದಂತೆ ಹಿಡಿಯುವ ಶಾಕಬ್ಸರ್‌ಗಳನ್ನು ರಿಪೇರಿ ಮಾಡುವ ಅಂಗಡಿ ಅವನದು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಹೆಂಡತಿ ತೀರಿ ಆರು ವರ್ಷ. ಆವತ್ತಿನಿಂದ ಮಗಳೇ ಎದುರಿನ ಸ್ಟೂಲಿನಲ್ಲಿ ಕೂತು ಕೆಲಸ ಕಲಿತಿದ್ದಳು. ನಿನ್ನೆ ಮಧ್ಯಾಹ್ನ ಯಾವುದೋ ಆಟೊದ್ದನ್ನು ಬಿಚ್ಚುತ್ತಿದ್ದವನು ಹಾಗೇ ಮುಂದಕ್ಕೆ ಬಾಗಿದ. ಸ್ಪ್ಯಾನರ್ ಹುಡುಕುತ್ತಿದ್ದಾನೆಂದುಕೊಂಡು ಮೀನಾಕ್ಷಿ ಕೈಯಲ್ಲಿದ್ದ ಕೆಲಸ ಮುಂದುವರಿಸಿದಳು.

ಚಿದಾನಂದಪ್ಪ ಹೊರಗೆ ಬಂದರು. ಶಾಮಿಯಾನದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಕ್ಲಬ್ಬಿನ ಉಳಿದ ಐವರೂ ಸೇರಿದ್ದರು.

"ಸಾವ್ಕಾರ್ರೆ, ಹೆಣದ ಮುಂದ ಕೇಳಬಾರದು, ಆದ್ರೂ ಕೇಳ್ತೀನಿ," ಎಂದ ಟ್ರ್ಯಾಕ್ಟರ್ ಬಿಡಿಭಾಗದ ಯರ್ರಿಸ್ವಾಮಿ. "ಬರೋ ವರ್ಷ ಮತ್ತ ರೂಲ್ ಬದಲಿ ಮಾಡ್ತೀರೇನು? ಈ ಫಾರಿನ್ ಶಾಕಬ್ಸರಿಗೇ ಎರಡು ಲಕ್ಷ ಹೋತು. ಹೆಂಡ್ತಿಗೆ ಇಪ್ಪತ್ತು ಸಾವಿರ ಅಂತ ಹೇಳೀನಿ."

"ಸುಳ್ಳಿಗೂ ಒಂದು ಅಳತಿ ಬ್ಯಾಡೇನಲೇ?" ಎಂದ ಜೀನ್ಸ್ ಹೊಲಿಸುವ ಕಾರ್ಖಾನೆಯ ವಿರೂಪಾಕ್ಷಿ.

"ಜೀವಕ್ಕಿಂತ ರೊಕ್ಕ ದೊಡ್ಡದೇನ್ರಿ?" ಚಿದಾನಂದಪ್ಪ ಪಾನಕದ ಲೋಟ ಕೆಳಗಿಟ್ಟರು. "ಕ್ವಾರಿ ಮೂಲ್ಯಾಗ ಗಾಡಿ ಎಗರಿದ್ರ ಯಾರು ಹೊಣಿ? ಸೇಫ್ಟಿ, ಯರ್ರಿಸ್ವಾಮಿ, ಸೇಫ್ಟಿ."

"ಅದು ಸರಿ ಸಾವ್ಕಾರ್ರೆ," ಎಂದ ಯರ್ರಿಸ್ವಾಮಿ. "ಎರಡೆರಡು ಲಕ್ಷ ಸುರುವಿದ ಮ್ಯಾಲೂ ಐದೂ ಗಾಡಿ ಒಂದರ ಬಾಲ ಒಂದು ಹಿಡಕೊಂಡು ಬರ್ತಾವಲ್ಲ, ಅದೇ ನನಗ ತಿಳಿವಲ್ದು."

"ಅದಕ್ಕ ಡ್ರೈವಿಂಗ್ ಅಂತಾರ," ಎಂದರು ಚಿದಾನಂದಪ್ಪ. ಆಮೇಲೆ ದನಿ ಎತ್ತರಿಸಿ, ಒಳಗಿನವರಿಗೂ ಕೇಳುವಂತೆ, "ಕರಿಬಸಪ್ಪಗೂ ಕೊನೀಗೆ ಅರ್ಥ ಆಗಿತ್ತು. ನನ್ನ ಮುಂದೇ ಹೇಳ್ಯಾನ, ಸಾವ್ಕಾರ್ರೆ ನಿಮ್ಮ ರೂಲೇ ಸರಿ, ನಂದೇ ತಪ್ಪಾತು ಅಂತ."

ಮೊಳೆಯ ಹತ್ತಿರ ನಿಂತಿದ್ದ ಮೀನಾಕ್ಷಿಯ ಕೈ ಪಟ್ಟಿಯ ಮೇಲೇ ನಿಂತಿತು.

*

ಹೋದ ವರ್ಷ ಸಭೆ ನಡೆದದ್ದು ಬಳ್ಳಾರಿಯ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ. ಅಲ್ಲಿಯವರೆಗೂ ಇದ್ದ ನಿಯಮ ಒಂದೇ ಸಾಲಿನದು: ಎಲ್ಲರಿಗೂ ಒಂದೇ ಥರದ ಶಾಕಬ್ಸರ್, ನಾಲ್ಕಕ್ಕೂ ಸೇರಿ ಏಳು ಸಾವಿರ ದಾಟಬಾರದು. ಚಿದಾನಂದಪ್ಪ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು ತೆರೆದರು. ಬಂಗಾರದ ಬಣ್ಣದ ಕೊಳವೆ, ತುದಿಯಲ್ಲಿ ಕೆಂಪು ಗುಬುಟು. ತಿರುವಿದರೆ ಟಿಕ್ ಟಿಕ್ ಎನ್ನುತ್ತದೆ. ಒಂದೊಂದು ಟಿಕ್ಕಿಗೂ ಗಾಡಿ ಒಂದಿಷ್ಟು ಬಿಗಿ, ಒಂದಿಷ್ಟು ಸಡಿಲು. ಇನ್ನು ಮುಂದೆ ಯಾರು ಯಾವುದನ್ನಾದರೂ ಹಾಕಿಕೊಳ್ಳಬಹುದು ಎಂಬುದು ಹೊಸ ನಿಯಮ.

ಕರಿಬಸಪ್ಪ ಎದ್ದು ನಿಂತ. ಅವನು ಸಭೆಯಲ್ಲಿ ಎದ್ದು ನಿಂತದ್ದು ಅದೇ ಮೊದಲು.

"ರೊಕ್ಕ ಇದ್ದೋನು ಗೆಲ್ಲಾಕ ರೇಸ್ ಯಾಕ್ರಿ ಬೇಕು? ಎಲ್ಲಾರೂ ಪಾಸ್‌ಬುಕ್ ತಂದು ಟೇಬಲ್ ಮ್ಯಾಲ ಇಡ್ರಿ. ಯಾರದು ಜಾಸ್ತಿ ಐತಿ ಅವರಿಗೆ ಕಪ್ಪು ಕೊಟ್ಟು ಮನಿಗೆ ಹೋಗೋಣ. ಪೆಟ್ರೋಲರ ಉಳೀತೈತಿ."

ಯಾರೋ ನಗಲು ಹೊರಟು, ಅಧ್ಯಕ್ಷರ ಮುಖ ನೋಡಿ ಕೆಮ್ಮಿದರು.

"ಹೊಟ್ಟಿಪಾಡು ಬ್ಯಾರೆ, ರೇಸ್ ಬ್ಯಾರೆ ಕರಿಬಸಪ್ಪ," ಎಂದರು ಚಿದಾನಂದಪ್ಪ. "ನಿಮ್ಮ ಅಂಗಡಿ ಗಿರಾಕಿ ಹೋಗ್ತಾವ ಅಂತ ಎಲ್ಲಾರೂ ಎತ್ತಿನ ಗಾಡಿ ಓಡಿಸಬೇಕೇನು? ಸ್ಪ್ಯಾನರ್ ಹಿಡಿಯೋ ಕೈಗೆ ರೂಲ್ ಬರಿಯಾಕ ಬರಂಗಿಲ್ಲ ಬಿಡ್ರಿ."

ಈಗ ಎಲ್ಲರೂ ನಕ್ಕರು. ಒಪ್ಪಿದವರು ಸಹಿ ಹಾಕಬೇಕೆಂದು ಹಾಳೆ ಹೊರಟಿತು. ಕರಿಬಸಪ್ಪ ನಂಬಿದ್ದು ವಿರೂಪಾಕ್ಷಿಯನ್ನು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಸಹಿ ಐದು ಬಿದ್ದವು.

ಅಂಗಡಿಗೆ ಬಂದವನು ತನ್ನ ಕಾರಿಗೆ ತಾಡಪಾಲು ಹೊದಿಸಿ, ಮಗಳಿಗೆ ಹೇಳಿದ್ದು ಇಷ್ಟೇ: "ಸೈ ಮಾಡಾಕ ವಿರೂಪಾಕ್ಷಿ ಪೆನ್ನು ನನ್ನ ಹತ್ರನೇ ಇಸ್ಕೊಂಡ."

ಒಂದೂವರೆ ತಿಂಗಳಿಗೆ ಚಿದಾನಂದಪ್ಪ ಹಿಂದಿನ ಬಾಗಿಲಿಂದ ಬಂದರು, ಅಕ್ಕಿ ಚೀಲದಲ್ಲಿ ಶಾಕಬ್ಸರ್ ಸುತ್ತಿಕೊಂಡು. ಗುಬುಟನ್ನು ಎಷ್ಟು ತಿರುವಬೇಕೆಂದು ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿತ್ತು, ಆದರೆ ಪುಸ್ತಕ ಜರ್ಮನ್ ಭಾಷೆಯಲ್ಲಿತ್ತು. "ಯಾರಿಗೂ ತಿಳಿಬಾರದು ಕರಿಬಸಪ್ಪ." ಆ ವಾರದಲ್ಲೇ ಯರ್ರಿಸ್ವಾಮಿ ಬಂದ. ಆಮೇಲೆ ವಿರೂಪಾಕ್ಷಿ. ಆಮೇಲೆ ಉಳಿದಿಬ್ಬರು. ಎಲ್ಲರದೂ ಅದೇ ಮಾತು, ಅದೇ ಹಿಂದಿನ ಬಾಗಿಲು.

ಕರಿಬಸಪ್ಪ ಮೊದಲನೆಯದನ್ನು ಬಿಚ್ಚಿ ಮಗಳಿಗೆ ತೋರಿಸಿದ. ಒಳಗೆ ಅಕ್ಕಿಕಾಳಿನಷ್ಟು ಉದ್ದದ ಸೂಜಿ. ಗುಬುಟು ತಿರುವಿದರೆ ಸೂಜಿ ಮುಂದೆ ಸರಿದು ಎಣ್ಣೆಯ ದಾರಿ ಕಿರಿದಾಗುತ್ತದೆ, ವಿದ್ಯೆ ಅಷ್ಟೇ. ಅವನು ಸೂಜಿಯ ಮೂತಿಯನ್ನು ಅರದಿಂದ ತಿಕ್ಕಿ ಹಾರಿಸಿ, ಎಣ್ಣೆಯ ದಾರಿಯನ್ನು ಹಳೆಯ ಶಾಕಬ್ಸರಿನಷ್ಟೇ ಅಗಲಕ್ಕೆ ಹದಮಾಡಿ, ಮತ್ತೆ ಮುಚ್ಚಿದ.

"ಈಗ ತಿರುವು."

ಮೀನಾಕ್ಷಿ ತಿರುವಿದಳು. ಟಿಕ್, ಟಿಕ್, ಟಿಕ್. ಒತ್ತಿ ನೋಡಿದಳು. ಎಷ್ಟು ತಿರುವಿದರೂ ಒಂದೇ.

"ಐದೂ ಮಂದೀದು ಹಿಂಗೇ ಮಾಡ್ತೀನಿ," ಎಂದ ಕರಿಬಸಪ್ಪ. "ಹಳೇ ರೂಲ್ ಎಲ್ಲೂ ಹೋಗಿಲ್ಲವ್ವ. ಅವರಿಗೆ ಗೊತ್ತಿಲ್ಲ, ಅಷ್ಟ."

ಆಮೇಲೆ ಪ್ರತಿ ತಿಂಗಳೂ ಅವನು ಕ್ವಾರಿಯ ಕಲ್ಲಿನ ಮೇಲೆ ಮಿರ್ಚಿ ಮಂಡಾಳಿನ ಪೊಟ್ಟಣ ಹಿಡಿದು ಕೂತು, ಐದು ಕಾರುಗಳು ಐವತ್ತು ಗಜದೊಳಗೆ ಬರುವುದನ್ನೂ ಐವರು ಗೃಹಸ್ಥರು ಒಬ್ಬರಿಗೊಬ್ಬರು ಮರೆಮಾಡಿ ಗುಬುಟು ತಿರುವುವುದನ್ನೂ ನೋಡಿದ. ಮನೆಗೆ ಬಂದು ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದ. ಪ್ರತಿ ರೇಸಿಗೂ ಮೊದಲು ಗುಟ್ಟಾಗಿ ಬಂದ ಪ್ರತಿಯೊಬ್ಬರಿಗೂ ಬೇರೆ ಬೇರೆ ಟಿಕ್ಕಿನ ಲೆಕ್ಕ ಹೇಳಿ ಕಳಿಸುತ್ತಿದ್ದ. ಒಬ್ಬೊಬ್ಬರಿಂದ ಪಡೆದ ಕೂಲಿ ನೂರೈವತ್ತು ರೂಪಾಯಿ.

*

ಈಗ ಮೀನಾಕ್ಷಿ ಪಟ್ಟಿಯ ಗಂಟನ್ನು ಮತ್ತೊಮ್ಮೆ ಬಿಗಿದಳು. ಶಾಮಿಯಾನದ ನಡುವೆ ನಿಂತು ಒಂದೇ ಒಂದು ವಾಕ್ಯ ಹೇಳಿದರೆ ಸಾಕಿತ್ತು. ಹತ್ತು ಲಕ್ಷದ ಐದು ಮುಖಗಳು ಊರ ಮುಂದೆ ಒಡೆದುಹೋಗುತ್ತಿದ್ದವು. ಆದರೆ ಮರುಗಳಿಗೆಯೇ ಯಾರೋ ಒಬ್ಬ 'ಮೋಸಗಾರ' ಎನ್ನುತ್ತಾನೆ. ಅಪ್ಪ ಅದನ್ನು ಇಲ್ಲೇ, ಗೋಡೆಗೆ ತಲೆ ಕಟ್ಟಿಸಿಕೊಂಡು ಕೂತು, ಕೇಳಬೇಕು. ಸುಮ್ಮನಿದ್ದರೆ, ತಪ್ಪೊಪ್ಪಿಕೊಂಡು ಸತ್ತ ಎಂಬ ಸುಳ್ಳು ಅವನ ಜೊತೆ ಮಣ್ಣಿಗೆ ಹೋಗುತ್ತದೆ. ಎರಡನ್ನೂ ಅವಳು ಒಲ್ಲಳು.

ಚಿದಾನಂದಪ್ಪ ಬಚ್ಚಲಿನ ಕಡೆ ಬಂದು ಕರೆದರು.

"ತಪ್ಪು ತಿಳ್ಕೋಬ್ಯಾಡ ತಂಗಿ. ಭಾನುವಾರ ರೇಸ್ ಐತಿ. ಈ ಸಲ ನಿಮ್ಮಪ್ಪನ ಹೆಸರಿಲೇ ಕಪ್ಪು ಇಟ್ಟೀವಿ." ಆಚೀಚೆ ನೋಡಿದರು. "ನನ್ನ ಗಾಡಿಗೆ ಈ ಸಲ ಎಷ್ಟು ಟಿಕ್ ಅಂತ ಎಲ್ಲ್ಯಾರ ಬರದಿಟ್ಟಾನೇನು? ನನ್ನೊಬ್ಬಂದು ಮಾತ್ರ ನೋಡ್ತಿದ್ದ ಅವ."

ಮೀನಾಕ್ಷಿ ಗೋಡೆಯ ಗೂಡಿನಲ್ಲಿದ್ದ, ಲೋಹದ ಮೇಲೂ ಬರೆಯುವ ಅಂಗಡಿಯ ಪೆನ್ನು ತೆಗೆದಳು.

"ಬಲಗೈ ಕೊಡ್ರಿ ಮಾವಾ. ಫೋನಿನಾಗ ಬ್ಯಾಡ, ಫೋನು ಹತ್ತು ಮಂದಿ ನೋಡ್ತಾರ. ಗಾಡಿಗೆ ತಿರುವೋತನಕ ನೀರು ಮುಟ್ಟಿಸಬ್ಯಾಡ್ರಿ, ಅಳಿಸಿಹೋದ್ರ ನನಗೂ ನೆಪ್ಪಿರಂಗಿಲ್ಲ." ಅಂಗೈ ಮೇಲೆ ಬರೆದಳು: ಮುಂದೆ ಹನ್ನೊಂದು, ಹಿಂದೆ ಏಳು.

ಯರ್ರಿಸ್ವಾಮಿ ನೀರಿನ ಡ್ರಮ್ಮಿನ ಮರೆಯಲ್ಲಿ ಸಿಕ್ಕ. ಅವನಿಗೆ ನಾಲ್ಕು, ಹತ್ತೊಂಬತ್ತು. ಉಳಿದಿಬ್ಬರ ಅಂಗೈಗೂ ತೋಚಿದ ಅಂಕಿ.

"ದೊಡ್ಡ ಮಂದಿ ನೋಡವ್ವ, ಎಷ್ಟು ಹಚ್ಚಿಕೊಂಡಾರ," ಎಂದಳು ಸೋದರತ್ತೆ ಪಾರಮ್ಮ ಸೆರಗಿನಿಂದ ಮೂಗೊರೆಸುತ್ತಾ. "ಒಬ್ಬೊಬ್ಬರೇ ಬಂದು ನಿನ್ನ ಕೈ ಹಿಡಕೊಂಡು ಅಳ್ತಾರ."

ಕೊನೆಗೆ ವಿರೂಪಾಕ್ಷಿ, ಮೆಟ್ಟಿಲ ಕೆಳಗೆ. "ನಿನ್ನ ಹತ್ರ ಪೆನ್ನೈತೇನವ್ವ?"

"ಐತಿ ಕಾಕಾ. ಅಪ್ಪಂದೇ."

ಅವನು ಕಣ್ಣು ತಗ್ಗಿಸಿ ಕೈ ಚಾಚಿದ. ಅವಳು ಎರಡು ದುಂಡಗಿನ ಸೊನ್ನೆ ಬರೆದಳು, ಒತ್ತಿ, ಎರಡೆರಡು ಸಲ ತಿದ್ದಿ.

"ಸೊನ್ನಿ? ಹಿಂದಕ್ಕೂ?"

"ನಿಮಗ ಅಷ್ಟೇ ಅಂತ ಹೇಳಿದ್ದ."

ಹೂಳುವುದು ಕುರುಗೋಡಿನಲ್ಲಿ, ಅವರ ಹಿರಿಯರ ಜಾಗದಲ್ಲಿ. ಜಂಗಮರು ವಿಭೂತಿ ಗಟ್ಟಿಗಳನ್ನು ಜೋಡಿಸಿ, ಕರಿಬಸಪ್ಪನನ್ನು ಗುಣಿಯ ಗೂಡಿನಲ್ಲಿ ನೆಟ್ಟಗೆ ಕೂಡಿಸಿದರು. ಬಿಲ್ವಪತ್ರಿ ಹಾಕಲು ಸಾಲು ಬಂತು.

"ಬಲಗೈಲೆ ಹಾಕ್ರಪ್ಪಾ, ಇದೇನು ಎಡಗೈ?" ಜಂಗಮರು ಗದರಿದರು.

ಅಧ್ಯಕ್ಷರು ಬೆರಳ ತುದಿಯಲ್ಲಿ ಪತ್ರಿ ಹಿಡಿದು, ಅಂಗೈ ಬಿಚ್ಚದೆ ಉದುರಿಸಿದರು. ಅವರ ಹಿಂದಿನ ನಾಲ್ವರೂ ಹಾಗೇ.

ಮಣ್ಣು ಮುಚ್ಚಿಯಾದ ಮೇಲೆ ಎಲ್ಲರೂ ನೀರಿನ ಟ್ಯಾಂಕರ್ ಹತ್ತಿರ ಕೈಕಾಲು ತೊಳೆಯಲು ನಿಂತರು. ನಲ್ಲಿ ಬಿಟ್ಟರು. ಊರವರೆಲ್ಲ ಮೊಣಕೈವರೆಗೆ ಉಜ್ಜಿ ತೊಳೆದುಕೊಂಡು ದಾರಿ ಹಿಡಿದರು. ಐದು ಮಂದಿ ಮಾತ್ರ ಉಳಿದರು, ಒಂದೇ ಸಾಲಿನಲ್ಲಿ ಬಗ್ಗಿಕೊಂಡು, ಒಂದೇ ಕೈಯಿಂದ ಕಾಲಿಗೆ ನೀರು ಚಿಮುಕಿಸಿಕೊಳ್ಳುತ್ತಾ; ಐದು ಬಲಗೈಗಳೂ ಮುಷ್ಟಿ ಕಟ್ಟಿ, ನೀರು ಸಿಡಿಯದಷ್ಟು ಮೇಲೆ. ಮೊದಲು ಯರ್ರಿಸ್ವಾಮಿ ಪಕ್ಕದ ಮುಷ್ಟಿಯನ್ನು ನೋಡಿದ. ಆಮೇಲೆ ಪಕ್ಕದವನು ಅದರಾಚೆಯದನ್ನು. ಮೀನಾಕ್ಷಿ ಎರಡೂ ಕೈಗಳನ್ನು ನಲ್ಲಿಯ ಕೆಳಗೆ ಚಾಚಿ, ಅವರ ಮುಂದೆಯೇ, ನಿಧಾನವಾಗಿ ತೊಳೆದುಕೊಂಡಳು.