ಎರಡನ್ನೂ ಒಟ್ಟಿಗೆ

ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಚೀಟಿ ಬರೆದು ಜನರನ್ನು ಒಳಗೆ ಕಳಿಸುತ್ತಿದ್ದ ತಂಗಿಗೆ, ಸುಕ್ಕು ತೋರಿಸಲು ಬಂದವರಿಗೆ ಡಾಕ್ಟರು ಹೇಳುವುದೆಲ್ಲ ಬಾಯಿಪಾಠವಾಗಿತ್ತು. ಗ್ಲೈಕಾಲಿಕ್ ಆಸಿಡ್ ಒಂದು ದಿನ, ರೆಟಿನಾಯ್ಡ್ ಕ್ರೀಮ್ ಮರುದಿನ, ಅದೂ ಬಟಾಣಿ ಕಾಳಿನಷ್ಟು. ಎರಡನ್ನೂ ಒಟ್ಟಿಗೆ ಬಳಿದುಕೊಂಡರೆ ಮುಖ ಸುಟ್ಟುಕೊಂಡಂತೆಯೇ.

ಒಂದು ಮಧ್ಯಾಹ್ನ ಅಕ್ಕ ಬಂದಳು. ತಂಗಿಗಿಂತ ಆರು ವರ್ಷ ದೊಡ್ಡವಳು, ಶಾಲೆಯೊಂದರ ಹೆಡ್‌ಮಿಸ್ಟ್ರೆಸ್. ಮುಂದಿನ ತಿಂಗಳು ನಿವೃತ್ತಿ, ಬೀಳ್ಕೊಡುಗೆ, ಫೋಟೊ; ಅಷ್ಟರೊಳಗೆ ಮುಖದ ಸುಕ್ಕು ಹೋಗಬೇಕಿತ್ತು. ಕಾದು ಕೂತವರೆಲ್ಲರ ಎದುರು ಡಾಕ್ಟರನ್ನು ತಡೆದು ನಿಲ್ಲಿಸಿದಳು.

"ಡಾಕ್ಟ್ರೇ, ನಮ್ಮಿಬ್ಬರಲ್ಲಿ ದೊಡ್ಡೋಳು ಯಾರು, ಹೇಳಿ ನೋಡೋಣ?"

ಡಾಕ್ಟರು ಹಿಂದುಮುಂದು ನೋಡದೆ ತಂಗಿಯತ್ತ ಕೈ ತೋರಿದರು. ಎಲ್ಲರೂ ಗೊಳ್ಳೆಂದು ನಕ್ಕರು. "ಎಲ್ರೂ ಹಾಗೇ ಅಂತಾರೆ. ಪಾಪ, ಇವಳು ಬೇಜಾರು ಮಾಡ್ಕೊಳಲ್ಲ," ಎಂದಳು ಅಕ್ಕ.

ಔಷಧಿ ಹಚ್ಚುವ ಕ್ರಮ ವಿವರಿಸುವುದು ತಂಗಿಯ ಕೆಲಸ. ಡಾಕ್ಟರು ಬರೆದುಕೊಟ್ಟ ಎರಡೂ ಟ್ಯೂಬುಗಳನ್ನು ಅಕ್ಕನ ಕೈಗಿಟ್ಟಳು. "ಎರಡನ್ನೂ ಒಟ್ಟಿಗೆ ಹಚ್ಕೋ, ದಿನಾ. ದಪ್ಪಗೆ."

"ಉರಿದ್ರೆ?"

"ಉರಿದ್ರೆ ಕೆಲಸ ಮಾಡ್ತಿದೆ ಅಂತ. ನಿಲ್ಲಿಸ್ಬೇಡ."

ಐದನೇ ದಿನ ಅಕ್ಕನ ಫೋನು. "ತಡೆಯೋಕಾಗ್ತಿಲ್ಲ ಕಣೆ." "ಇನ್ನೊಂದು ವಾರ ಹಲ್ಲು ಕಚ್ಚಿ ತಡ್ಕೋ ಅಕ್ಕ," ಎಂದ ತಂಗಿ ಫೋನಿಟ್ಟು, ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದಳು.

ಹನ್ನೆರಡನೇ ದಿನ ಅಕ್ಕ ಮುಖಕ್ಕೆ ಬಟ್ಟೆ ಸುತ್ತಿಕೊಂಡೇ ಬಂದಳು. ಕೆನ್ನೆಯ ಸಿಪ್ಪೆ ಎದ್ದಿತ್ತು, ಬಾಯಿಯ ಅಂಚಿನ ಗಾಯಗಳಿಂದ ನೀರು ಒಸರುತ್ತಿತ್ತು.

"ಎರಡನ್ನೂ ಒಟ್ಟಿಗೆ ಹಚ್ಚೋಕೆ ಯಾರು ಹೇಳಿದ್ದು ನಿಮಗೆ?" ಡಾಕ್ಟರು ಗದರಿದರು.

ಅಕ್ಕ ತಂಗಿಯನ್ನು ದಿಟ್ಟಿಸಿದಳು. "ಯಾರೂ ಇಲ್ಲ ಡಾಕ್ಟ್ರೇ. ನಂದೇ ಅವಸರ."

ಹೊರಗೆ ಮೆಟ್ಟಿಲ ಬಳಿ ತಂಗಿಯ ಮಣಿಕಟ್ಟು ಹಿಡಿದಳು. "ಮೂವತ್ತೈದು ವರ್ಷ ಮಕ್ಕಳ ಸುಳ್ಳು ಕೇಳಿದೋಳು ನಾನು. ನಿನ್ನ ಕೆಲಸ ಹೋಗೋದು ಬೇಡ. ದಿನಾ ಬೆಳಿಗ್ಗೆ ಆರಕ್ಕೆ ಮನೆಗೆ ಬಂದು, ಡಾಕ್ಟ್ರು ಈಗ ಕೊಟ್ಟ ಮುಲಾಮು ನೀನೇ ಹಚ್ಚು. ಒಂದು ದಿನ ತಪ್ಪಿದ್ರೂ ಡಾಕ್ಟ್ರಿಗೆ ಎಲ್ಲಾ ಹೇಳ್ತೀನಿ."

ಬೀಳ್ಕೊಡುಗೆಗೆ ಅಕ್ಕ ಹೋಗಲಿಲ್ಲ. ಖಾಲಿ ಕುರ್ಚಿಗೇ ಭಾಷಣ ಮಾಡಿ ಶಾಲೆಯವರು ಮುಗಿಸಿದರು. ತಂಗಿ ಮಾತ್ರ ಎರಡು ಬಸ್ಸು ಬದಲಾಯಿಸಿ ಪ್ರತಿದಿನ ಬಂದಳು. ಎರಡು ತಿಂಗಳಿಗೆ ಹೊಸ ಚರ್ಮ ಬಂತು. ಕೆನ್ನೆಯ ಮೇಲೆ ಕಂದು ಕಲೆಯಷ್ಟೇ ಉಳಿಯಿತು.

"ವಾಸಿಯಾಯ್ತಲ್ಲ ಅಕ್ಕ. ನಾಳೆಯಿಂದ ಬರಲ್ಲ."

ಕಣ್ಣು ಮುಚ್ಚಿ ಕುರ್ಚಿಗೊರಗಿದ್ದ ಅಕ್ಕ ಬಲಗಾಲನ್ನು ಮುಂದೆ ಚಾಚಿದಳು. "ಹಿಮ್ಮಡಿ ಒಡೆದಿದೆ ಕಣೆ. ಅದಕ್ಕೂ ಸ್ವಲ್ಪ ಹಚ್ಚು."

ತಂಗಿ ನೆಲದ ಮೇಲೆ ಕೂತು, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು.